ತೀರ್ಪಿಗೆ ಮುಂಚಿನ ದಿನಗಳು

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುವ ನಾವೇ, ಯಾರದೋ ಕೈಗೆ ಕೋಳ ಬಿದ್ದ ಸುದ್ದಿ ಕೇಳಿದೊಡನೆ ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ?’ ಎಂದುಬಿಡುತ್ತೇವೆ. ಎರಡನೆಯದು ನಾಲಿಗೆಗೆ ಸಲೀಸು. ಕಾನೂನು ಹಿಡಿದಿರುವುದು ಮೊದಲನೆಯದನ್ನು: ಆರೋಪ ಸಾಬೀತಾಗುವವರೆಗೆ ಆರೋಪಿ ನಿರಪರಾಧಿ, ಸಾಬೀತುಪಡಿಸುವ ಹೊಣೆ ಪ್ರಾಸಿಕ್ಯೂಷನ್ನಿನದು.

ಆರೋಪಿ ಒಳ್ಳೆಯವನೆಂದು ನ್ಯಾಯಾಧೀಶರು ನಂಬಲೇಬೇಕೆಂದು ಈ ತತ್ವ ಕೇಳುವುದಿಲ್ಲ. ಪೊಲೀಸು, ಲಾಕಪ್ಪು, ಸರ್ಕಾರಿ ವಕೀಲರು ಎಲ್ಲವೂ ಕೈಯಲ್ಲಿರುವ ಪ್ರಭುತ್ವ, ಒಂಟಿ ಮನುಷ್ಯನೆದುರು ತನಗೆ ತಾನೇ ಹಾಕಿಕೊಂಡ ಕಡಿವಾಣ ಇದು. ಸಂಶಯದ ಲಾಭ ಪಡೆದು ತಪ್ಪಿತಸ್ಥನೊಬ್ಬ ಹೊರಬಂದರೆ ನೊಂದವರ ಹೊಟ್ಟೆ ಉರಿಯುತ್ತದೆ. ಆ ಸಂಕಟ ಸುಳ್ಳಲ್ಲ. ಆದರೆ ನಿರಪರಾಧಿಯನ್ನು ಜೈಲಿಗಟ್ಟಿದರೆ ಅವರಿಗೆ ದಕ್ಕುವುದು ನ್ಯಾಯ ಸಿಕ್ಕಿತೆಂಬ ಭ್ರಮೆ ಮಾತ್ರ. ನಿಜವಾದ ಅಪರಾಧಿ ಆಗಲೂ ಹೊರಗೇ ಇರುತ್ತಾನೆ.

ಈ ತತ್ವಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ತೀರ್ಪಿಗೆ ಮುಂಚಿನ ದಿನಗಳಲ್ಲಿ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಬಿಹಾರದ ಜೈಲುಗಳ ಸ್ಥಿತಿ ಬಯಲಾಯಿತು. ಆರೋಪ ರುಜುವಾಗಿದ್ದರೂ ಆಗಬಹುದಾಗಿದ್ದ ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ಕೆಲವರು ವಿಚಾರಣೆಯೇ ನಡೆಯದೆ ಒಳಗೆ ಕೊಳೆಯುತ್ತಿದ್ದರು. ಜಾಮೀನಿಗೆ ಹಣವಿಲ್ಲ, ವಾದಿಸಲು ವಕೀಲರಿಲ್ಲ; ಬಡತನವೇ ಅವರ ಅಪರಾಧವಾಗಿತ್ತು. ತ್ವರಿತ ವಿಚಾರಣೆ ಸಂವಿಧಾನದ 21ನೇ ವಿಧಿಯೊಳಗೇ ಅಡಗಿರುವ ಹಕ್ಕು ಎಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿದ್ದ ಪೀಠ ಸಾರಿತು. ಹಾಗಿದ್ದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರ ಕೊನೆಗೆ ದೇಶದ ಕೈದಿಗಳಲ್ಲಿ ಸುಮಾರು ಶೇ 76ರಷ್ಟು ಮಂದಿ ವಿಚಾರಣಾಧೀನರೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಒಂದು ಬಾಗಿಲು ತೆರೆದಿದೆ. ಮರಣದಂಡನೆ, ಜೀವಾವಧಿ ಶಿಕ್ಷೆಯಂಥ ಆರೋಪಗಳನ್ನು ಬಿಟ್ಟರೆ, ಹಿಂದೆ ಶಿಕ್ಷೆಗೊಳಗಾಗದವರು ಗರಿಷ್ಠ ಅವಧಿಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಸ್ವಂತ ಮುಚ್ಚಳಿಕೆಯ ಮೇಲೆ ಹೊರಬರಬಹುದು. ಬಾಗಿಲು ತೆರೆದರೂ, ತನ್ನ ಪರವಾಗಿ ಕೇಳುವವರೇ ಇಲ್ಲದವನು ಹೊಸ್ತಿಲು ದಾಟುವುದು ಹೇಗೆ?

ಕಾನೂನು ತಡಮಾಡಿ ಶಿಕ್ಷಿಸಿದರೆ, ನಾವು ಅವಸರದಲ್ಲಿ ಶಿಕ್ಷಿಸುತ್ತೇವೆ. ಆರೋಪಿಯ ಹೆಂಡತಿಯನ್ನು ಕೆಲಸದಿಂದ ಬಿಡಿಸುತ್ತೇವೆ, ಬಾಡಿಗೆ ಮನೆ ಖಾಲಿ ಮಾಡಿಸುತ್ತೇವೆ, ಮಕ್ಕಳಿಗೆ ಅಪ್ಪನ ಹೆಸರೆತ್ತಿ ಚುಚ್ಚುತ್ತೇವೆ. ಕೋರ್ಟು ತಪ್ಪು ತೀರ್ಪು ಕೊಟ್ಟರೆ ಮೇಲ್ಮನವಿಗೆ ಅವಕಾಶವುಂಟು. ಊರು ಕೊಟ್ಟ ಶಿಕ್ಷೆಯನ್ನು ರದ್ದುಮಾಡುವ ಪೀಠ ಎಲ್ಲಿಯೂ ಇಲ್ಲ. ಆದ್ದರಿಂದ ಸಾಕ್ಷ್ಯಕ್ಕಾಗಿ ಕಾಯುವ ಕರ್ತವ್ಯ ನ್ಯಾಯಾಧೀಶರಿಗಿಂತ ನಮಗೇ ಹೆಚ್ಚು.