ಹೆಸರು ಕಳಚಿದ ಹಾಡು

ಒಂದೇ ಒಂದು ರಾತ್ರಿಗೆಂದು ಕಟ್ಟಿದ ಹಾಡು ಇನ್ನೂರು ವರ್ಷ ಬಾಳುವುದೆಂದರೆ ಏನು? ಪ್ರತಿ ಡಿಸೆಂಬರಿನಲ್ಲೂ ‘ಸೈಲೆಂಟ್ ನೈಟ್’ ಎಂಬ ಕ್ರಿಸ್‌ಮಸ್ ಕ್ಯಾರಲ್ ಕಿವಿಗೆ ಬಿದ್ದಾಗ ನನಗೆ ಇದೇ ಸೋಜಿಗ.

ಆಸ್ಟ್ರಿಯಾದ ಓಬರ್ನ್‌ಡಾರ್ಫ್, ನದಿಯಲ್ಲಿ ಉಪ್ಪು ಸಾಗಿಸುವ ದೋಣಿಕಾರರ ಊರಾಗಿತ್ತು. 1818ರ ಡಿಸೆಂಬರ್ 24ರಂದು ಅಲ್ಲಿನ ಸಹಾಯಕ ಪಾದ್ರಿ, ಇಪ್ಪತ್ತಾರರ ಯೋಸೆಫ್ ಮೋರ್, ತಾವು ಹಿಂದೆಂದೋ ಬರೆದಿಟ್ಟ ಪದ್ಯವನ್ನು ಪಕ್ಕದೂರಿನ ಶಾಲಾಮಾಸ್ತರ ಫ್ರಾನ್ಸ್ ಗ್ರೂಬರ್ ಕೈಗಿತ್ತು, ಎರಡು ಕಂಠಕ್ಕೆ, ಗಿಟಾರಿಗೆ ಹೊಂದುವ ಮಟ್ಟು ಬೇಕೆಂದರು. ಅದೇ ರಾತ್ರಿ ಇಬ್ಬರೂ ಚರ್ಚಿನಲ್ಲಿ ಹಾಡಿಯೂ ಬಿಟ್ಟರು. ಆರ್ಗನ್ನಿನ ತಿದಿಯನ್ನು ಇಲಿ ಕಡಿದಿತ್ತು, ಅದಕ್ಕೇ ಗಿಟಾರ್ ಬಂತು ಎಂಬ ಕಥೆ ಸೊಗಸಾಗಿದೆ. ಗ್ರೂಬರ್ ಬರೆದಿಟ್ಟ ವಿವರದಲ್ಲಿ ಮಾತ್ರ ಇಲಿಯ ಸುಳಿವಿಲ್ಲ.

ಆಮೇಲೆ ಹಾಡು ತಾನಾಗಿಯೇ ಹೊರಟಿತು. ಕೈಗವಸು ಮಾರುವ ಸ್ಟ್ರಾಸರ್ ಕುಟುಂಬದ ಜೊತೆ ಲೈಪ್‌ಜಿಗ್‌ನ ಸಂತೆಗೆ, ರೈನರ್ ಗಾಯಕರ ಜೊತೆ 1839ರಲ್ಲಿ ನ್ಯೂಯಾರ್ಕಿಗೆ. ದಾರಿಯಲ್ಲೆಲ್ಲೋ ಇಬ್ಬರ ಹೆಸರೂ ಕಳಚಿಬಿತ್ತು. ಟಿರೋಲ್ ಸೀಮೆಯ ಜನಪದವೆಂದರು ಕೆಲವರು, ಸಂಗೀತ ರಚನಕಾರ ಮಿಖಾಯೆಲ್ ಹೈಡನ್ ಅವರದೆಂದರು ಕೆಲವರು. 1854ರಲ್ಲಿ ಬರ್ಲಿನ್ನಿನ ಅರಮನೆಯ ಸಂಗೀತ ಮಂಡಳಿ ವಿಚಾರಿಸಿದಾಗಲೇ ಗ್ರೂಬರ್ ನಡೆದದ್ದನ್ನು ಬರೆದು ತಿಳಿಸಿದ್ದು. ಮೋರ್ ಅಷ್ಟರೊಳಗೆ ತೀರಿಕೊಂಡಿದ್ದರು.

ಹೀಗೆ ಹೆಸರು ಕಳಚಿದ್ದನ್ನು ಅನ್ಯಾಯವೆನ್ನಲು ನನಗೇಕೋ ಮನಸ್ಸಿಲ್ಲ. ಬೀಸುಕಲ್ಲಿನ ಮುಂದೆ ಹುಟ್ಟಿದ ನಮ್ಮ ತ್ರಿಪದಿಗಳನ್ನು ಕಟ್ಟಿದವಳು ಯಾರೆಂದು ಯಾರು ಕೇಳಿದ್ದಾರೆ? ಹತ್ತು ಜನರ ನಡುವೆ ನಿಂತು ಕ್ಯಾರಲ್ ಹಾಡುವಾಗ, ನಮ್ಮ ದನಿ ಎಲ್ಲಿ ಮುಗಿಯಿತು, ಪಕ್ಕದವರದು ಎಲ್ಲಿ ಶುರುವಾಯಿತು ಎಂದು ತಿಳಿಯದ ಗಳಿಗೆಯೊಂದು ಬರುತ್ತದೆ. ಶ್ರುತಿ ತಪ್ಪುವವನನ್ನೂ ಅದು ಒಳಗೆ ಕರೆದುಕೊಳ್ಳುತ್ತದೆ. ಕಛೇರಿಯಲ್ಲಿ ಕೂತು ಕೇಳುವ ಸುಖವೇ ಬೇರೆ. ಹಬ್ಬಕ್ಕೆ ಬೇಕಾದದ್ದು ಹೀಗೆ ಕೂಡಿ ಹಾಡುವುದು.

ಮೊದಲ ಮಹಾಯುದ್ಧದ ಕಾಲ, 1914ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಫ್ಲಾಂಡರ್ಸ್‌ನ ಕಂದಕಗಳಿಂದ ಜರ್ಮನ್ ಸೈನಿಕರು ಇದೇ ಹಾಡನ್ನು ಹಾಡಿದರು, ಎದುರಿನ ಬ್ರಿಟಿಷರು ತಮ್ಮ ಹಾಡಿನಿಂದ ಉತ್ತರ ಕೊಟ್ಟರು. ಹಾಡು ಯುದ್ಧವನ್ನೇ ನಿಲ್ಲಿಸಿತು ಎನ್ನುವವರಿದ್ದಾರೆ. ಇಲ್ಲ, ಯುದ್ಧ ಇನ್ನೂ ಸುಮಾರು ನಾಲ್ಕು ವರ್ಷ ನಡೆಯಿತು. ಕೊಲ್ಲಬೇಕಾದವನ ದನಿಗೆ ಒಂದಿಷ್ಟು ಹೊತ್ತು ಕಿವಿಗೊಟ್ಟರು, ಅಷ್ಟೇ. ಆ ಅಷ್ಟಾದರೂ ಹೇಗಾಯಿತು ಎಂಬುದೇ ನನಗೆ ಅರ್ಥವಾಗದ್ದು.

ಇನ್ನೊಂದು ತಮಾಷೆ: ನಾವಿಂದು ಹಾಡುವ ಮಟ್ಟು ಗ್ರೂಬರ್ ಬರೆದಂತೆಯೇ ಇಲ್ಲ. ಹಾಡಿದವರ ಬಾಯಲ್ಲಿ ಕೆಲವು ಸ್ವರಗಳು ಜಾರಿವೆ. ಆ ಮಾಸ್ತರು ಎದ್ದುಬಂದು ತಿದ್ದಲು ಹೊರಟರೂ ಈಗ ಕೇಳುವವರು ಯಾರು!