ಹುರುಪೆಯ ಮೇಲೊಂದು ಜೀವ

ಸವದತ್ತಿಯ ನವಿಲುತೀರ್ಥದಲ್ಲಿ ಬೆಟ್ಟಗಳ ನಡುವೆ ತಡೆದು ನಿಂತು ರೇಣುಕಾಸಾಗರವಾಗುವ ಮಲಪ್ರಭೆ, ಅಲ್ಲಿಂದ ರಾಮದುರ್ಗದ ಬಿಸಿಲಿಗೆ ಇಳಿಯುತ್ತಾಳೆ. ಅವಳ ನೀರು ತಲುಪದ ಎರೆಹೊಲಗಳಲ್ಲಿ ಮಳೆಯನ್ನೇ ಹಿಡಿದಿಟ್ಟ ಕೃಷಿ ಹೊಂಡಗಳು ಆಕಾಶ ನೋಡುತ್ತ ಮಲಗಿರುತ್ತವೆ. ಬೈಲಹೊಂಗಲ, ಕಿತ್ತೂರಿನ ಕೆರೆಗಳಲ್ಲೂ ಅದೇ ಹಸಿರುಗಪ್ಪು ಮೌನ. ಮೇಲ್ಪದರದಲ್ಲಿ ಕಾಟ್ಲಾ, ನಡುವೆ ರೋಹು, ಕೆಸರಿನ ಬಳಿ ಮೃಗಾಲ್, ಒಂದೇ ನೀರನ್ನು ಜಗಳವಿಲ್ಲದೆ ಹಂಚಿಕೊಂಡು ಬಾಳುತ್ತವೆ.

ಆ ಮೌನದೊಳಗೆ ಒಮ್ಮೊಮ್ಮೆ ಒಂದು ಮೀನು ಸಟ್ಟನೆ ನೆಗೆಯುತ್ತದೆ, ಕಲ್ಲಿಗೆ ಮೈ ತಿಕ್ಕುತ್ತದೆ, ಮೇವು ಬಿಟ್ಟು ದಂಡೆಯ ಬಳಿ ಮಂಕಾಗಿ ನಿಲ್ಲುತ್ತದೆ. ಹಿಡಿದು ರೆಕ್ಕೆಯ ಬುಡವನ್ನು ಬೆಳಕಿಗೆ ಒಡ್ಡಿದರೆ ಹುರುಪೆಯ ಮೇಲೆ ಏನೋ ಸರಿದಾಡುತ್ತದೆ: ನೀರಿನದೇ ಒಂದು ಹನಿ ಚಪ್ಪಟೆಯಾಗಿ ಉಸಿರು ಪಡೆದಂತೆ, ಕೆಲವೇ ಮಿಲಿಮೀಟರಿನ ಪಾರದರ್ಶಕ ಮೈ, ಅದರೊಳಗೆ ಎರಡು ಕಪ್ಪು ಕಣ್ಣು. ಇದೇ ಮೀನಿನ ಹೇನು, ಆರ್ಗ್ಯುಲಸ್. ಸೀಗಡಿ, ಏಡಿಗಳ ದೂರದ ಬಂಧು. ಅದರ ಒಂದು ಜೊತೆ ಬಾಯಂಗಗಳು ಯುಗಯುಗಗಳ ಪಯಣದಲ್ಲಿ ಎರಡು ದುಂಡು ಬಟ್ಟಲುಗಳಾಗಿ ಮಾರ್ಪಟ್ಟು, ಈಜುವ ಮೀನಿನ ಜಾರುಮೈಯನ್ನೂ ಬಿಗಿಯಾಗಿ ಹಿಡಿಯುತ್ತವೆ. ಸೂಜಿಯಂಥ ಮುಳ್ಳು ಚುಚ್ಚಿದಲ್ಲಿ ಕೆಂಪು ಗಾಯ, ಗಾಯದ ದಾರಿಯಲ್ಲಿ ಬೇರೆ ಸೋಂಕು.

ಕಿವಿರಿನ ಎಳೆಗಳ ನಡುವೆ, ಚರ್ಮದ ಲೋಳೆಯಲ್ಲಿ, ಬರಿಗಣ್ಣಿಗೆ ನಿಲುಕದ ಇನ್ನೂ ಎಷ್ಟೋ ಬದುಕುಗಳಿವೆ. ಗೈರೊಡ್ಯಾಕ್ಟೈಲಸ್ ಎಂಬ ಹುಳುವಿನ ಗರ್ಭದಲ್ಲಿ ಮಗಳು, ಆ ಮಗಳ ಗರ್ಭದಲ್ಲಿ ಆಗಲೇ ಮೊಮ್ಮಗಳು. ಬಿಳಿಚುಕ್ಕೆ ರೋಗದ ಏಕಕೋಶ ಜೀವಿ ಮೀನಿನಿಂದ ಕಳಚಿ ತಳಕ್ಕಿಳಿದು, ಒಂದು ನೂರಾರಾಗಿ ಒಡೆದು, ಒಂದೆರಡು ದಿನಗಳಲ್ಲೇ ಹೊಸ ಮೈ ಸಿಗದಿದ್ದರೆ ಸಾಯುವ ಅವಸರದಲ್ಲಿ ಕತ್ತಲ ನೀರಿನಲ್ಲಿ ಈಜುತ್ತದೆ. ಮೀನಿನ ನೋವನ್ನೂ ಆ ಕಣದ ಹಸಿವನ್ನೂ ಇದೇ ನೀರು ತುಂಬಿಕೊಂಡಿದೆ. ಎರಡನ್ನೂ ಒಟ್ಟಿಗೆ ಕಂಡ ಮನಸ್ಸು ಗುಡಿಯ ಒಳಗೆ ಕಾಲಿಟ್ಟಾಗಿನಂತೆ ತಾನೇ ತಗ್ಗುತ್ತದೆ.

ಹಾಗೆ ತಗ್ಗಿ ನೋಡುವ ಕಣ್ಣಿಗೇ ಮದ್ದಿನ ದಾರಿಯೂ ಕಾಣುತ್ತದೆ. ಹೆಣ್ಣುಹೇನು ಮೀನನ್ನು ಬಿಟ್ಟು ಹೋಗಿ, ಕಲ್ಲು ಕಟ್ಟಿಗೆಗಳ ಗಟ್ಟಿ ಮೈಮೇಲೆ ಸಾಲುಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಆ ತಾಯ್ತನದ ನೇಮವನ್ನು ಅರಿತವರು ಹೊಂಡದಲ್ಲಿ ಬಿದಿರಿನ ಗಳ ನೆಟ್ಟು, ಮರಿಯೊಡೆಯುವ ಮೊದಲೇ ಕಿತ್ತು ಬಿಸಿಲಿಗೆ ಒಣಗಿಸುತ್ತಾರೆ. ಒಣಗಿದ ಮೊಟ್ಟೆ ಮರಿಯಾಗುವುದಿಲ್ಲ. ಹೊಂಡದಲ್ಲಿ ಮೀನು ಬಿಟ್ಟಿರುವ ಬಂಧುಗಳೇ, ಮೇವು ಚೆಲ್ಲಿ ಹಾಗೆಯೇ ತಿರುಗಿ ಬರಬೇಡಿ. ತುಸು ಹೊತ್ತು ನೀರಿಗೆ ಬಗ್ಗಿ, ಒಂದು ಮೀನಿನ ಮೈಯನ್ನಾದರೂ ಪೂರ್ತಿ ನೋಡಿ.