ಗುಂಪು ಯಾರ ಕಡೆಯದು?

ಪುರ್ತಗೇರಿ, ಗಜೇಂದ್ರಗಡದ ಸೀಮೆಯಲ್ಲಿ ಮೊಹರಂ ಬಂತೆಂದರೆ ಹಿಂದೂಗಳೂ ಅಲಾಯಿ ಕುಣಿಯ (ಬೆಂಕಿಗುಂಡಿಯ) ಸುತ್ತ ಹೆಜ್ಜೆ ಹಾಕುತ್ತಾರೆ, ರಿವಾಯತ್ ಪದ ಹಾಡುತ್ತಾರೆ. ಇದು ಇಸ್ಲಾಮಿಗೆ ಒಪ್ಪುವುದಲ್ಲ ಎಂದು ನೊಂದುಕೊಳ್ಳುವ ಮುಸ್ಲಿಮರೂ ಇದ್ದಾರೆ. ಅವರ ನೋವು ನಾಟಕವಲ್ಲ. ಹಾಗೆಂದು ಹಾಡುವವರ ಬಾಯಿ ಕಟ್ಟಬಹುದೇ?

ಇದನ್ನು ಅಳೆಯಲು ತತ್ತ್ವಶಾಸ್ತ್ರದಲ್ಲಿ 'ಹಾನಿ ತತ್ತ್ವ' ಎಂಬ ಕೋಲೊಂದಿದೆ. ಇನ್ನೊಬ್ಬರಿಗೆ ಹಾನಿಯಾಗುವುದನ್ನು ತಡೆಯಲು ಮಾತ್ರ ಒಬ್ಬನ ಮೇಲೆ ಬಲ ಹೇರಬಹುದು ಎಂದು ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ 'ಆನ್ ಲಿಬರ್ಟಿ'ಯಲ್ಲಿ ವಾದಿಸಿದ. ಅವನದೇ ಉದಾಹರಣೆ: ಕಾಳಿನ ವ್ಯಾಪಾರಿಗಳು ಬಡವರನ್ನು ಉಪವಾಸ ಕೆಡವುತ್ತಾರೆಂದು ಪತ್ರಿಕೆಯಲ್ಲಿ ಬರೆದರೆ ತಪ್ಪಿಲ್ಲ, ಅದನ್ನೇ ವ್ಯಾಪಾರಿಯ ಮನೆ ಮುಂದೆ ಕೆರಳಿ ನಿಂತ ಗುಂಪಿಗೆ ಹೇಳಿದರೆ ಶಿಕ್ಷಿಸಬಹುದು.

ಧಾರ್ಮಿಕ ಭಾವನೆಯ ತಕರಾರಿಗೆ ಈ ಉದಾಹರಣೆಯನ್ನು ತಂದಿಡುವವರು ಒಂದು ಸಂಗತಿ ಮರೆಯುತ್ತಾರೆ. ಮಿಲ್ ಹೇಳಿದ್ದು ಮಾತಾಡುವವನ ಕಡೆಯ ಗುಂಪು. ಧರ್ಮನಿಂದೆಯ ಜಗಳದಲ್ಲಿ ಗುಂಪು ಸೇರುವುದು ಹೆಚ್ಚಾಗಿ ಮಾತಾಡಿದವರ ವಿರುದ್ಧ. ಮಸೀದಿಗೆ ಹೆಂಗಸರಿಗೂ ಪ್ರವೇಶ ಬೇಕೆಂದ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರಿಗೆ 2000ದಲ್ಲಿ ಫತ್ವಾ, ಬಹಿಷ್ಕಾರ ಎದುರಾದವು. ಒಬ್ಬ ಚಾಕು ಹಿಡಿದು ಬಂದ. ಅವನನ್ನು ಹಿಡಿದು ನಿಲ್ಲಿಸಿದ್ದು ಪತಿ. ನೊಂದವರ ಮನೆಯ ಒಲೆ ಆರಿರಲಿಲ್ಲ. ಹಾನಿಯಾದದ್ದು ಬಾನು ಅವರಿಗೆ. (2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಹಾರ ತಂದವರ ಸಾಲು ಉದ್ದವಿತ್ತು, ಬಿಡಿ.) ಕೂಡಿದ ಗುಂಪಿನ ಸಿಟ್ಟನ್ನೇ ಹಾನಿಯ ಲೆಕ್ಕಕ್ಕೆ ಹಿಡಿದರೆ, ಹೆಚ್ಚು ಜನ ಕೂಡಿಸಿದವನದೇ ನ್ಯಾಯ.

ನಮ್ಮ ಕಾನೂನೂ ಬರಿ ನೋವನ್ನು ಅಪರಾಧವೆಂದಿಲ್ಲ. ಪ್ರವಾದಿಯವರನ್ನು ಹೀಯಾಳಿಸಿದ ಪುಸ್ತಿಕೆಯೊಂದರ ಪ್ರಕಾಶಕ ರಾಜಪಾಲ್ ಲಾಹೋರ್ ಹೈಕೋರ್ಟಿನಲ್ಲಿ ಖುಲಾಸೆಯಾದ ಮೇಲೆ 1927ರಲ್ಲಿ ದಂಡ ಸಂಹಿತೆಯ 295ಎ ಕಲಂ ಹುಟ್ಟಿತು. ಎರಡು ವರ್ಷಕ್ಕೆ ಆತನ ಕೊಲೆಯೂ ಆಯಿತು. 1957ರಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಎತ್ತಿಹಿಡಿದರೂ, ಬೇಕೆಂದೇ ದ್ವೇಷದಿಂದ ಮಾಡಿದ ಅವಮಾನಕ್ಕಷ್ಟೇ ಇದು ಅನ್ವಯ ಎಂದಿತು. ಇಂದಿನ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮಿನಲ್ಲೂ ಅದೇ ಷರತ್ತಿದೆ. ಠಾಣೆಯ ಮೆಟ್ಟಿಲಲ್ಲಿ ಮಾತ್ರ ಉದ್ದೇಶಕ್ಕಿಂತ ಮೊದಲು ಗದ್ದಲವೇ ಕೇಳಿಸುತ್ತದೆ.

ನೋವಿಗೂ ಹಾನಿಗೂ ನಡುವೆ ನಾನೆಳೆದ ಗೆರೆಯೂ ಎಲ್ಲ ಕಡೆ ನೆಟ್ಟಗೆ ಓಡುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಹಳೇ ಹುಬ್ಬಳ್ಳಿಯಲ್ಲಿ, ಮಸೀದಿಯ ಮೇಲೆ ಕೇಸರಿ ಧ್ವಜ ಕೂರಿಸಿದ ಒಂದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಠಾಣೆಯ ಮೇಲೆ ಕಲ್ಲು ಬಿದ್ದವು. ಕಲ್ಲಿನ ಹೊಣೆ ತೂರಿದವರದೇ. ಆದರೆ ಆ ಸ್ಟೇಟಸ್ ಮಿಲ್‌ನ ಪತ್ರಿಕೆಯೋ, ವ್ಯಾಪಾರಿಯ ಮನೆ ಬಾಗಿಲೋ? ಫೋನು ಎರಡೂ ಆಗಿಬಿಟ್ಟಿದೆ.